ಕಪ್ಪು ಗುಂಡಿಯ ಸ್ವೆಟರ್

ಒಳಾಂಗಣ ಕ್ರೀಡಾಂಗಣ, ತರಬೇತುದಾರರ ಕೋಣೆ
ನವೆಂಬರ್ ೧೪, ಶುಕ್ರವಾರ ಮಧ್ಯಾಹ್ನ

ವಕೀಲಪ್ಪನಿಗೆ,

'ಪ್ರೀತಿಯ' ಎಂದು ಬರೆಯಲು ಹೋದೆ, ಕೈ ಓಡಲಿಲ್ಲ. 'ಮಾನ್ಯರೇ' ಎಂದರೆ ನಿನ್ನ ಆಕ್ಷೇಪಣೆ ಅರ್ಜಿಗೆ ಕಚೇರಿಯ ಉತ್ತರವಾಗಿಬಿಡುತ್ತದೆ. ಆ ಉತ್ತರ ಮೊಹರು ಸಮೇತ ಬೇರೆಯಾಗಿ ಬರುತ್ತದೆ, ಅದನ್ನು ಬರೆಯುವವಳು ನಾನಲ್ಲ. ಅದಕ್ಕೇ ಅತ್ತೆ ಸಿಟ್ಟು ಬಂದಾಗ ನಿನ್ನನ್ನು ಕರೆಯುತ್ತಿದ್ದ ಹೆಸರನ್ನೇ ಹಿಡಿದುಕೊಂಡೆ. ತಪ್ಪಾಗಿದ್ದರೆ ನಿನ್ನ ಅರ್ಜಿಗೆ ನಾಲ್ಕನೇ ಅಂಶವಾಗಿ ಸೇರಿಸಿಕೋ.

ಲಾಂಚ್ ಬೆಂಕಿ ಹತ್ತಿ ಮುಳುಗಿದಾಗಿನಿಂದ ಈ ಕ್ರೀಡಾಂಗಣವೇ ನಮ್ಮ ಆಸ್ಪತ್ರೆ, ಕಚೇರಿ, ಮನೆ ಎಲ್ಲವೂ. ಬ್ಯಾಡ್ಮಿಂಟನ್ ಆಡುವ ಗೆರೆಗಳ ಮೇಲೆ ಕುರ್ಚಿ ಹಾಕಿ ಸತ್ತವರ ಮನೆಯವರನ್ನು ಕೂರಿಸಿದ್ದಾರೆ, ನೀನೂ ಕೂತು ಹೋಗಿದ್ದೀಯ. ಹಿಂದಿನ ಅಂಗಳದಲ್ಲಿ ಮೀನು ಸಾಗಿಸುವ ಫ್ರೀಜರ್ ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಒಳಗೆ ಅಟ್ಟಣೆ ಕಟ್ಟಿ, ದೇಹಗಳನ್ನು ಇಟ್ಟಿದ್ದೇವೆ. ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಿಲ್ಲ. ನಾನು ಕೂತಿರುವ ಈ ಕೋಣೆಯ ಗೋಡೆಗೆ ಯಾವುದೋ ಮಕ್ಕಳ ತಂಡ ಗೆದ್ದ ಕಪ್ ಹಿಡಿದು ನಗುತ್ತಿರುವ ಫೋಟೋ ಇದೆ. ನಿದ್ದೆಯಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ, ನಿದ್ದೆ ಚೆನ್ನಾಗಿಯೇ ಬರುತ್ತದೆ. ಮಲಗಿ ಎದ್ದರೂ ಸುಸ್ತು ಮಾತ್ರ ಹೋಗುವುದಿಲ್ಲ. ಕಾಲು ಊದಿ, ಚಪ್ಪಲಿಯ ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಸಮಿತಿ ಕೂರುತ್ತದೆ. ಅಷ್ಟರೊಳಗೆ ನೀನು ಬಂದು ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದು ಕೋರ್ಟಿಗೆ ಹೋಗುತ್ತದೆ, ಕೋರ್ಟಿನ ತಿಂಗಳು ಎಷ್ಟು ಉದ್ದ ಎಂದು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ನಿನ್ನ ಒಂದು ಅರ್ಜಿಯಿಂದ ಎರಡು ದೇಹಗಳು ಲಾರಿಯಲ್ಲೇ ಉಳಿದಿವೆ. ಒಂದು ನಿನ್ನ ಅಮ್ಮ. ಇನ್ನೊಂದು ಬೇರೆಯವರ ಅಮ್ಮ. ನೀನು ಬೇರೆಯವರ ಅಮ್ಮನನ್ನು ಕೇಳುತ್ತಾ, ನಿನ್ನ ಅಮ್ಮನನ್ನು ಬೇಡವೆನ್ನುತ್ತಿದ್ದೀಯ.

ಅರ್ಜಿ ಓದಿದೆ. ಆ ಫೈಲಿನಿಂದ ನಾನು ದೂರ ಇರಬೇಕು, ಆದರೂ ನಮ್ಮ ಮುಖ್ಯಸ್ಥರೇ ತಂದು ಮೇಜಿನ ಮೇಲಿಟ್ಟು, "ಒಂದ್ಸಲ ನೋಡಮ್ಮ, ನಿನ್ನ ಗಂಡ ಬರೆಯೋದು ಚೆನ್ನಾಗಿ ಬರೀತಾರೆ" ಎಂದು ಹೇಳಿ ಚಹಾ ತರಲು ಹೋದರು. ಚೆನ್ನಾಗಿಯೇ ಇದೆ. ಸ್ವೆಟರ್ ನಿನ್ನ ಅಮ್ಮನದು, ಆದ್ದರಿಂದ ಅದನ್ನು ತೊಟ್ಟವರೇ ನಿನ್ನ ಅಮ್ಮ, ಇದು ಮೊದಲ ಅಂಶ. ಪರೀಕ್ಷೆ ಮಾಡುವ ತಂಡದಲ್ಲಿ ನಿನ್ನಿಂದ ಬೇರೆಯಾಗಿರುವ ಹೆಂಡತಿ ಇದ್ದಾಳೆ, ಆಕೆಗೆ ನಿನ್ನ ಮೇಲೆ ದ್ವೇಷವಿದೆ, ಇದು ಎರಡನೆಯದು. ಅತ್ತೆ ಅವತ್ತು ಲಾಂಚ್ ಹತ್ತಿ ಆಚೆ ದಡಕ್ಕೆ ಯಾಕೆ ಹೊರಟಿದ್ದರು ಎಂದೇ ನಮ್ಮ ತಂಡದವರಿಗೆ ಗೊತ್ತಿಲ್ಲ. ಕಣ್ಣಿನ ಆಸ್ಪತ್ರೆಗೆ ಎಂದು ನಿನಗೆ ಹೇಳಿ ಹೋಗಿದ್ದರು, ಅಲ್ಲಿ ವಿಚಾರಿಸಿದರೆ ಅವರ ಹೆಸರೇ ಇಲ್ಲ. ಇಷ್ಟೂ ಗೊತ್ತಿಲ್ಲದವರು ದೇಹ ಇಂಥವರದ್ದೇ ಎಂದು ಹೇಗೆ ಹೇಳುತ್ತಾರೆ ಎನ್ನುವುದು ಮೂರನೆಯದು. ನನ್ನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ನೀನು ಹಾಕಿದ ಮೊದಲ ಪಾಟೀಸವಾಲಿನಲ್ಲೂ ಇದೇ ವರಸೆ ಇತ್ತು. ಅವತ್ತು ನಾನು ಸೋಲಲಿಲ್ಲ, ನಿನ್ನನ್ನು ಮದುವೆಯಾದೆ. ಎರಡೂ ಒಂದೇ ಎಂದು ನಿಮ್ಮಮ್ಮ ನಗುತ್ತಿದ್ದರು.

ಸ್ವೆಟರಿನ ಮಾತು ಅರ್ಧ ನಿಜ. ಸ್ವೆಟರ್ ಅತ್ತೆಯದೇ. ಕಂದು ಬಣ್ಣ, ಮೊಣಕೈ ಸವೆದಿದೆ, ಮೇಲಿನಿಂದ ಮೂರನೇ ಗುಂಡಿ ಮಾತ್ರ ಕಪ್ಪು. ಆ ಗುಂಡಿ ನಿನ್ನ ಹಳೆಯ ಕೋರ್ಟ್ ಕೋಟಿನದು, ಹೊಲಿದವಳು ನಾನು. ದಾರದ ಕೊನೆಗೆ ಹಾಕಿದ್ದು ಶವಾಗಾರದಲ್ಲಿ ಕಲಿತ ಗಂಟು, ನನ್ನ ಕೈಗೆ ಬರುವುದು ಅದೊಂದೇ. ಅತ್ತೆ ಅದನ್ನು ತಿರುಗಿಸಿ ನೋಡಿ, "ಏನೇ ಹೆಣದ ಡಾಕ್ಟ್ರೇ, ನನ್ನನ್ನ ಈಗ್ಲೇ ಹೊಲಿದುಬಿಟ್ಯಾ?" ಎಂದಿದ್ದರು.

ಆ ದೇಹ ನನ್ನ ಮೇಜಿಗೆ ಬಂದದ್ದು ಎರಡನೇ ದಿನ ಬೆಳಿಗ್ಗೆ. ಅತ್ತೆ ಆ ಲಾಂಚಿನಲ್ಲಿದ್ದಾರೆಂಬ ಭಯ ನನಗೆ ಮೊದಲೇ ಇತ್ತು. ತೊಟ್ಟ ಬಟ್ಟೆಯನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಜೋರಾಗಿ ಹೇಳುತ್ತಾ ಹೋಗಬೇಕು, ಬರೆದುಕೊಳ್ಳುವ ಹುಡುಗಿ ಪಕ್ಕದಲ್ಲಿ ನಿಂತಿರುತ್ತಾಳೆ. ಉಣ್ಣೆಯ ಸ್ವೆಟರ್, ಕಂದು ಎಂದೆ. ಗುಂಡಿ ಐದು ಎಂದೆ. ಮೂರನೆಯದು ಕಪ್ಪು ಎಂದು ಹೇಳಬೇಕಿತ್ತು, ಗುಂಡಿಯನ್ನು ತಿರುಗಿಸಿ ದಾರದ ಗಂಟು ನೋಡಿದೆ. ಹುಡುಗಿ ತಲೆಯೆತ್ತಿ ನೋಡಿದಳು. ಆಮೇಲೆ ಹೇಳಿದೆ. ಬಟ್ಟೆಯದೆಲ್ಲ ಹೇಳಿ ಮುಗಿಸಿ, ಕೈಗವಸು ಕಳಚಿ, ಕೈ ತೊಳೆದುಕೊಂಡು ಮುಖ್ಯಸ್ಥರ ಹತ್ತಿರ ಹೋಗಿ, ಇವರು ನಮ್ಮತ್ತೆ ಇರಬೇಕು, ಈ ಸಂಖ್ಯೆಯಿಂದ ನನ್ನನ್ನು ಬಿಡಿಸಿ ಎಂದೆ. ಅವರು ಆ ಕ್ಷಣವೇ ಬಿಡಿಸಿದರು, ಮನೆಗೂ ಹೋಗು ಎಂದರು. ಹೋಗಲಿಲ್ಲ. ನಾನು ಹೋದರೆ ಆ ಮೇಜಿಗೆ ನಿಲ್ಲಿಸಲು ಇನ್ನೊಬ್ಬರಿರಲಿಲ್ಲ.

ಮುಖ ನೋಡಲಿಲ್ಲವೇ ಎಂದು ಕೇಳುತ್ತೀಯ. ನೋಡಿದೆ. ಬೆಂಕಿಯೂ ನೀರೂ ಎರಡೂ ಆದ ಮೇಲೆ ಮುಖದಲ್ಲಿ ನಂಬುವಂಥದ್ದು ಏನೂ ಉಳಿದಿರುವುದಿಲ್ಲ. ಯಾರನ್ನು ಹುಡುಕುತ್ತಿದ್ದೇವೋ ಅವರೇ ಕಾಣುತ್ತಾರೆ. ಅದೇ ಎತ್ತರ, ಅದೇ ಬಿಳಿ ಕೂದಲು, ಬಾಯಲ್ಲಿ ಒಂದೂ ಹಲ್ಲಿಲ್ಲ. ಪ್ರಯಾಣದಲ್ಲಿ ವಾಂತಿಯಾದೀತೆಂದು ಅತ್ತೆ ಕಟ್ಟಿಸಿದ ಹಲ್ಲನ್ನು ತೆಗೆದು ಚೀಲದಲ್ಲಿಟ್ಟುಕೊಳ್ಳುತ್ತಿದ್ದರಲ್ಲ. ಚೀಲ ನೀರುಪಾಲಾಗಿದೆ. ಬೆರಳ ತುದಿಯ ಚರ್ಮವೂ ಉಳಿದಿರಲಿಲ್ಲ. ನನಗೆ ಅವರು ಅತ್ತೆಯಾಗಿಯೇ ಕಂಡರು.

ಹಾಗಿದ್ದರೆ ನಿನಗೆ ಯಾಕೆ ಹೇಳಲಿಲ್ಲ? ಅದಕ್ಕೆ ಒಬ್ಬ ಹುಡುಗನ ಕಥೆ ಕೇಳಬೇಕು. ಮೊದಲ ದಿನ, ನಮ್ಮ ತಂಡ ಇಲ್ಲಿ ಕಾಲಿಡುವ ಮೊದಲು, ಬಂದರಿನ ಗೋದಾಮಿನಲ್ಲಿ ದೇಹಗಳನ್ನು ಸಾಲಾಗಿ ಮಲಗಿಸಿ, ಬಂದವರಿಗೆಲ್ಲ ನೋಡಿ ಗುರುತಿಸಿ ಎಂದು ಬಿಟ್ಟಿದ್ದರಂತೆ. ಒಂದು ಮನೆಯವರು ಚೌಕಳಿ ಶರ್ಟು ನೋಡಿ ತಮ್ಮ ಮಗನೆಂದು ಒಬ್ಬನನ್ನು ಕೊಂಡೊಯ್ದು ಅಂತ್ಯಸಂಸ್ಕಾರ ಮುಗಿಸಿದರು. ಸ್ವೆಟರ್ ಬಂದ ಮಾರನೇ ದಿನ ಅವರ ನಿಜವಾದ ಮಗ ನೀರಿನಿಂದ ಮೇಲೆ ಬಂದ, ಬೆರಳಚ್ಚು ಹೊಂದಿತು. ಶರ್ಟು ಒಂದೇ ಅಂಗಡಿಯದು, ರಿಯಾಯಿತಿಯಲ್ಲಿ ಮಾರಿದ್ದು, ಅರ್ಧ ಊರೇ ಕೊಂಡಿತ್ತು. ಅದನ್ನು ಹೇಳಲು ಪೊಲೀಸ್ ಅಧಿಕಾರಿಯ ಜೊತೆ ನನ್ನನ್ನು ಕಳಿಸಿದರು. ಹುಡುಗನ ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಕೈಗಳನ್ನೇ ನೋಡಿ, "ಹಾಗಾದ್ರೆ ನಾವು ಅತ್ತಿದ್ದು ಯಾರಿಗೆ?" ಎಂದು ಕೇಳಿದರು.

ಅವತ್ತೇ ಕ್ರೀಡಾಂಗಣದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದೆವು. ಬೆರಳಚ್ಚು, ಹಲ್ಲು, ಡಿಎನ್‌ಎ, ಈ ಮೂರರಲ್ಲಿ ಒಂದಾದರೂ ಹೊಂದದೆ ಯಾರನ್ನೂ ಯಾರಿಗೂ ಕೊಡುವುದಿಲ್ಲ. ಬಟ್ಟೆ, ಒಡವೆ, ಮುಖ, ಮಚ್ಚೆ ಇವು ಸಾಲವು. ಬರೆಸಬೇಕೆಂದು ಹಟ ಹಿಡಿದವಳು ನಾನೇ. ಹಾಗೆ ಬರೆಸುವಾಗ ಸ್ವೆಟರಿನ ಸಂಖ್ಯೆ ನನ್ನ ತಲೆಯಲ್ಲಿತ್ತು.

ಮರುದಿನ ನೀನು ಬಂದೆ. ಲಾರಿ ಚಾಲಕನೊಬ್ಬ ಬಾಯಿ ಹಿಡಿತದಲ್ಲಿಡದೆ ಹೊರಗೆ ಹೇಳಿದ್ದ, ಕಪ್ಪು ಗುಂಡಿಯ ಸ್ವೆಟರ್ ತೊಟ್ಟ ಅಜ್ಜಿಯೊಬ್ಬರು ಒಳಗಿದ್ದಾರೆ ಎಂದು. ನೀನು ಆ ಗೋಡೆಯ ಕೆಳಗೇ ನಿಂತು, ಅಷ್ಟು ಜನರ ಮುಂದೆ, "ಡಾಕ್ಟರೇ, ನಿಮಗೆ ನಿಮ್ಮ ಅತ್ತೇನೇ ಗುರುತು ಸಿಗಲ್ವಾ?" ಎಂದೆ. ಎಲ್ಲರಿಗೂ ಹೇಳುವುದನ್ನೇ ನಿನಗೂ ಹೇಳಿದೆ, ಫಲಿತಾಂಶ ಬರುವವರೆಗೆ ಏನೂ ಹೇಳಲಾಗದು ಎಂದು. "ಹೆಣಗಳ ಜೊತೆ ಇದ್ದೂ ಇದ್ದೂ ನೀವೂ ಹಾಗೇ ಆಗ್ಬಿಟ್ಟಿದ್ದೀರ" ಎಂದೆ. ಮಾತಿಗಿಂತ ಆ ಬಹುವಚನ ಹೆಚ್ಚು ಚುಚ್ಚಿತು. ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿ ಮಾದರಿ ತೆಗೆಯುವ ಹುಡುಗನ ಕೈಯನ್ನು ನೀನು ತಳ್ಳಿದೆ. ಆಮೇಲೆ ನೀನೇ ಬಾಯಿ ತೆರೆದೆ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ.

ನಿನಗೆ ಸುಳ್ಳು ಹೇಳಿದೆ. ನನಗೆ ಗುರುತು ಸಿಕ್ಕಿತ್ತು. ನಿನಗೆಷ್ಟು ಖಾತ್ರಿಯಿತ್ತೋ ನನಗೂ ಅಷ್ಟೇ ಖಾತ್ರಿಯಿತ್ತು. ಎಲ್ಲರಿಗೂ ಬೇಡವೆಂದದ್ದನ್ನು ನನ್ನ ಮನೆಯವರಿಗೆ ಮಾತ್ರ ಹೇಗೆ ಕೊಡಲಿ ಎನ್ನುವುದೊಂದೇ ನನ್ನನ್ನು ತಡೆದದ್ದು.

ಇನ್ನೊಂದು ಹೇಳುತ್ತೇನೆ, ನಗಬೇಡ. ನಾವೆಲ್ಲ ದೊಡ್ಡಣ್ಣ ಎಂದು ಕರೆಯುವ ಶವಾಗಾರದ ಅಟೆಂಡರ್ ಒಬ್ಬನಿದ್ದಾನೆ. ಸ್ವೆಟರಿನವರನ್ನು ಲಾರಿಯ ಮೇಲಿನ ಅಟ್ಟಣೆಗೆ ಎತ್ತಲು ಹೊರಟಿದ್ದ. ಬೇಡ, ಕೆಳಗಿನ ಸಾಲಿನಲ್ಲಿಡು, ಅವರಿಗೆ ಮಂಡಿ ನೋವು ಎಂದೆ. ಹೇಳಿಯಾದ ಮೇಲೆ ಏನು ಹೇಳಿದೆನೆಂದು ನನಗೇ ತಿಳಿಯಿತು. ದೊಡ್ಡಣ್ಣ ನನ್ನ ಮುಖ ನೋಡಿ, "ಆಯ್ತಮ್ಮ, ಕೆಳಗೇ ಇಡ್ತೀನಿ. ಈ ವಯಸ್ಸಲ್ಲಿ ಹತ್ತೋದು ಇಳಿಯೋದು ಕಷ್ಟ" ಎಂದ. ಅಲ್ಲಿಂದ ಮುಂದೆ ಊಟದ ಬಿಡುವಿನಲ್ಲಿ ಆ ಲಾರಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬಾಗಿಲು ಮುಚ್ಚಿರುತ್ತಿತ್ತು, ಯಂತ್ರ ಗೊರಗೊರ ಎನ್ನುತ್ತಿತ್ತು. ಬ್ರೆಡ್ಡು ತಿನ್ನುತ್ತಾ ಮಾತಾಡುತ್ತಿದ್ದೆ. ನೀನು ಜನರ ಮುಂದೆ ನನ್ನನ್ನು ಬಹುವಚನದಲ್ಲಿ ಬೈದದ್ದನ್ನು ಚಾಡಿ ಹೇಳಿದೆ. ಒಂದು ದಿನ ಅತ್ತೂಬಿಟ್ಟೆ. ಎಷ್ಟೋ ವರ್ಷದಿಂದ ಕೆಲಸದ ಜಾಗದಲ್ಲಿ ಅತ್ತವಳಲ್ಲ ನಾನು.

ಕಳೆದ ವಾರ ಮುಖ್ಯಸ್ಥರು ಕರೆದು ಕೂರಿಸಿದರು. ಸ್ವೆಟರ್ ತೊಟ್ಟವರ ಮೂಳೆಯಿಂದ ತೆಗೆದ ಡಿಎನ್‌ಎ ನಿನ್ನದಕ್ಕೆ ಹೊಂದಲಿಲ್ಲ ಎಂದರು. ನಾನು ಜಗಳವಾಡಿದೆ. ಪ್ರಯೋಗಾಲಯದವರು ಸೀಸೆ ಅದಲುಬದಲು ಮಾಡಿದ್ದಾರೆ ಎಂದೆ, ಗುಂಡಿ ನಾನು ಹೊಲಿದದ್ದು ಎಂದೆ, ನಿನ್ನ ಅರ್ಜಿಯಲ್ಲಿರುವುದನ್ನೆಲ್ಲ ನಿನಗಿಂತ ಮೊದಲು ನಾನೇ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಹೊಸದಾಗಿ ಮಾದರಿ ತೆಗೆಸಿ ಬೇರೆ ಊರಿನ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದರು. ಮಂಗಳವಾರ ಉತ್ತರ ಬಂತು, ಅದೇ ಉತ್ತರ. ನಿನ್ನದಕ್ಕೆ ಹೊಂದಿದ್ದು ಬೇರೆ ಸಂಖ್ಯೆಯವರದು, ಅದೇ ಲಾರಿಯ ಮೇಲಿನ ಸಾಲಿನಲ್ಲಿರುವವರದು. ಎರಡೂ ಕಡೆ, ಅನುಮಾನಕ್ಕೆ ಜಾಗವಿಲ್ಲದಷ್ಟು.

ಆ ಸಂಖ್ಯೆಯ ವರದಿ ತೆರೆಸಿ ನೋಡಿದೆ. ಕೆಳಗೆ ನನ್ನ ಸಹಿ ಇತ್ತು.

ನಿನ್ನ ಅಮ್ಮನ ಶವಪರೀಕ್ಷೆ ಮಾಡಿದ್ದು ನಾನು. ಸ್ವೆಟರಿನವರ ಮಾರನೇ ದಿನ, ಮಧ್ಯಾಹ್ನದ ಹೊತ್ತು. ವೃದ್ಧೆ, ಹಲ್ಲಿಲ್ಲ, ಬಲ ಮಂಡಿ ಸವೆದಿದೆ ಎಂದು ಬರೆಸಿದ್ದೇನೆ. ಏನೂ ಅನ್ನಿಸಲಿಲ್ಲ ಕಣೋ. ಅತ್ತೆ ಆಗಲೇ ಸಿಕ್ಕಿದ್ದರಲ್ಲ, ಕೆಳಗಿನ ಸಾಲಿನಲ್ಲಿ ಸುಖವಾಗಿ ಮಲಗಿದ್ದರಲ್ಲ. ಅವರನ್ನು ಹುಡುಕುವುದನ್ನು ನನ್ನ ಕಣ್ಣು ಬಿಟ್ಟುಬಿಟ್ಟಿತ್ತು. ಅವರ ಮೇಲೆ ಕೈಯಿಟ್ಟುಕೊಂಡು ನಾನು ಯೋಚಿಸುತ್ತಿದ್ದದ್ದು ಚಹಾ ಯಾವಾಗ ಬರುತ್ತದೆ ಎಂದು. ದಿನಾ ಅವರ ಕೆಳಗೆ ಮಲಗಿದ್ದವರಿಗೆ ನನ್ನ ಕಷ್ಟಸುಖ ಹೇಳಿಕೊಂಡೆ, ಅವರನ್ನು ಕಣ್ಣೆತ್ತಿ ನೋಡಲಿಲ್ಲ. ಶರ್ಟಿನ ಹುಡುಗನ ಅಮ್ಮ ಕೇಳಿದ ಪ್ರಶ್ನೆ ಈಗ ನನ್ನ ಪಾಲಿಗೆ ಬಂದಿದೆ. ಇದನ್ನು ನೀನು ಎರಡನೇ ಅಂಶಕ್ಕೆ ಪುರಾವೆಯಾಗಿ ಬಳಸಿಕೊಳ್ಳಬಹುದು, ತಡೆಯುವುದಿಲ್ಲ. ದ್ವೇಷ ಎಂದು ಮಾತ್ರ ಬರೆಯಬೇಡ. ದ್ವೇಷ ಮಾಡುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಹಾಗಾದರೆ ಅವರ ಸ್ವೆಟರ್ ಇನ್ನೊಬ್ಬರ ಮೈಮೇಲೆ ಹೇಗೆ ಹೋಯಿತು? ಅದು ಗೊತ್ತಾದದ್ದು ಬುಧವಾರ. ಲಾಂಚಿನಲ್ಲಿ ಟಿಕೆಟ್ ಹರಿಯುವ ಮನುಷ್ಯ ಬದುಕಿದ್ದಾನೆ, ಎರಡೂ ಕೈ ಸುಟ್ಟು ಆಸ್ಪತ್ರೆಯಲ್ಲಿದ್ದಾನೆ. ಈಗಷ್ಟೇ ಮಾತಾಡುವ ಹಾಗಾಗಿದ್ದಾನೆ. ಪೊಲೀಸರು ಕಂದು ಸ್ವೆಟರ್ ಎಂದ ಕೂಡಲೇ ಅವನಿಗೆ ನೆನಪಾಯಿತಂತೆ. ಹೊರಗಿನ ಬೆಂಚಿನಲ್ಲಿ ಒಬ್ಬ ಮುದುಕಿ ಗಾಳಿಗೆ ಗಡಗಡ ನಡುಗುತ್ತಿದ್ದರಂತೆ. ಪಕ್ಕದಲ್ಲಿದ್ದ ಇನ್ನೊಬ್ಬ ಅಜ್ಜಿ ತಮ್ಮ ಸ್ವೆಟರ್ ಬಿಚ್ಚಿ, ಆಕೆ ಬೇಡ ಬೇಡ ಎಂದರೂ ಕೇಳದೆ, ಶಾಲೆಗೆ ಹೋಗುವ ಮಗುವಿಗೆ ತೊಡಿಸುವ ಹಾಗೆ ತೋಳು ತೂರಿಸಿ ಗುಂಡಿ ಹಾಕಿದರಂತೆ. "ನನ್ನ ಮೈಯಲ್ಲಿ ಕೊಬ್ಬಾದ್ರೂ ಇದೆ, ನಿಂಗೇನಿದೆ? ಸುಮ್ನೆ ಹಾಕ್ಕೋ, ಇಳಿಯುವಾಗ ಕೊಡುವಂತೆ" ಎಂದು ಗದರಿದರಂತೆ. ಆಮೇಲೆ ಟಿಕೆಟಿನವನ ಕಡೆ ತಿರುಗಿ, "ಏನು ನೋಡ್ತಿದ್ದೀಯ, ಚಿಲ್ಲರೆ ಕೊಡು" ಎಂದರಂತೆ.

ಆ ಹೇಳಿಕೆಯನ್ನು ಓದಿದಾಗ ನನಗೆ ಅತ್ತೆ ಸಿಕ್ಕರು. ಎರಡು ಪ್ರಯೋಗಾಲಯ ಹೇಳಿದರೂ ನನ್ನ ಮನಸ್ಸು ಒಪ್ಪಿರಲಿಲ್ಲ, ಆ ಚಿಲ್ಲರೆಯ ಮಾತು ಓದಿದ ಕೂಡಲೇ ಒಪ್ಪಿಕೊಂಡಿತು. ಜಗತ್ತಿನಲ್ಲಿ ಹಾಗೆ ಕೊಟ್ಟು, ಹಾಗೆ ಗದರುವವರು ಇನ್ನಾರಿದ್ದಾರೆ ಹೇಳು. ನೀನೂ ಆ ಹೇಳಿಕೆಯನ್ನು ಓದು. ವಕೀಲನಾಗಿ ಬೇಡ, ಮಗನಾಗಿ ಓದು.

ಸ್ವೆಟರ್ ತೊಟ್ಟಿದ್ದವರ ಮಗಳು ನಾವು ಬಂದ ದಿನದಿಂದಲೂ ಕ್ರೀಡಾಂಗಣದಲ್ಲೇ ಇದ್ದಾಳೆ. ನೀನು ಕೂಗಾಡಿದ ದಿನ ನೆಟ್ ಕಂಬದ ಪಕ್ಕ ಕೂತಿದ್ದಳಲ್ಲ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದ ಸಣಕಲು ಹೆಂಗಸು, ಅವಳೇ. ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಅಮ್ಮನ ಹತ್ತಿರ ಸ್ವೆಟರೇ ಇರಲಿಲ್ಲ, ಆದ್ದರಿಂದ ಸ್ವೆಟರಿನ ವಿಷಯ ಕೇಳಿದಾಗ ಅದು ತನ್ನ ಅಮ್ಮನಲ್ಲ ಎಂದು ನಂಬಿ ಕೂತಿದ್ದಳು. ಡಿಎನ್‌ಎ ಅವಳದಕ್ಕೆ ಹೊಂದಿದೆ. ನಿನ್ನ ಅರ್ಜಿಯಿಂದ ಅವಳಿಗೆ ಕೊಡುವಂತಿಲ್ಲ. ಯಾಕೆ ತಡ ಎಂದು ಅವಳು ಯಾರನ್ನೂ ಜೋರು ಮಾಡಿಲ್ಲ. ನಿನ್ನೆ ನನ್ನನ್ನು ತಡೆದು ಕೇಳಿದ್ದು ಒಂದೇ: "ಆ ಸ್ವೆಟರ್ ಕೊಟ್ಟ ಅಮ್ಮಂಗೆ ಮನೆಯವ್ರು ಯಾರಾದ್ರೂ ಇದ್ದಾರಾ? ನಂಗೆ ಕೊಟ್ರೆ ತೊಳ್ದು ಇಸ್ತ್ರಿ ಮಾಡಿ ಅವ್ರಿಗೆ ವಾಪಸ್ ಕೊಡ್ತೀನಿ. ನಮ್ಮಮ್ಮಂಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲ." ಇದ್ದಾರೆ, ಬರುತ್ತಾರೆ ಎಂದೆ. ನಿನ್ನನ್ನು ಕೇಳದೆ ಹೇಳಿದೆ. ಅವಳ ಅಮ್ಮ ಇಷ್ಟು ದಿನ ಒಬ್ಬರೇ ಇರಲಿಲ್ಲ ಎಂದೂ ಹೇಳಿದೆ, ಅದರ ಅರ್ಥ ಅವಳಿಗೆ ಆಗಿರಲಾರದು.

ನೋವಾಯಿತೇ ಎಂದು ನೀನು ಅರ್ಜಿಯಲ್ಲಿ ಕೇಳಿಲ್ಲ. ಆದರೆ ಕೇಳದವರು ಯಾರೂ ಇಲ್ಲ. ಎಲ್ಲರಿಗೂ ನಾವು ಇಲ್ಲ ಎನ್ನುತ್ತೇವೆ, ಅದು ನಿನಗೂ ಗೊತ್ತು, ಒಮ್ಮೆ ಕೋರ್ಟಿನಲ್ಲಿ ಅದನ್ನೇ ಹಿಡಿದು ನನ್ನನ್ನು ಅಲ್ಲಾಡಿಸಿದ್ದೆ. ಇದು ಎಲ್ಲರಿಗೂ ಹೇಳುವ ಮಾತಲ್ಲ. ಅವರ ರಕ್ತದಲ್ಲಿ ಹೊಗೆಯ ವಿಷ ತುಂಬಿತ್ತು, ಎದೆಯಲ್ಲಿ ನೀರಿರಲಿಲ್ಲ. ಲಾಂಚ್ ಮುಳುಗುವ ಹೊತ್ತಿಗೆ ಅವರಿರಲಿಲ್ಲ. ಅದಕ್ಕೂ ಮೊದಲು ಭಯವಾಗಿರಬೇಕು, ಕೆಮ್ಮು ಬಂದಿರಬೇಕು, ಅದನ್ನು ಇಲ್ಲವೆನ್ನಲಾರೆ. ನೀರಿಗೆ ಹೆದರಿ ಒದ್ದಾಡಲಿಲ್ಲ, ಇಷ್ಟು ಖಂಡಿತ. ಆ ಚಹಾದ ಹೊತ್ತಿನಲ್ಲಿ ನನ್ನ ಕೈ ಬರೆಸಿದ್ದರಲ್ಲಿ ಇದೊಂದು ನಿನಗೆ ಉಪಯೋಗಕ್ಕೆ ಬರುತ್ತದೆ.

ಸತ್ತೋರಿಗೆ ಕೊಡೋ ಹೊತ್ತಲ್ಲಿ ಕಾಲು ಭಾಗ ಬದುಕಿರೋರಿಗೂ ಕೊಡು ಎಂದು ಹೇಳಿ ನೀನು ಮನೆ ಬಿಟ್ಟು ಹೋದೆ. ಅವತ್ತು ನಿನ್ನ ಮೇಲೆ ಸಿಟ್ಟು ಬಂದಿತ್ತು. ಈಗ ಆ ಸಿಟ್ಟಿಗೂ ಸುಸ್ತು. ಈ ಸಲ ಸತ್ತವರಿಗೂ ನಾನು ಸರಿಯಾಗಿ ಕೊಡಲಿಲ್ಲ.

ಬರುವುದಾದರೆ ಮುಂದಿನ ಬಾಗಿಲಿಗೆ ಬರಬೇಡ, ಅಲ್ಲಿ ಪತ್ರಿಕೆಯವರಿದ್ದಾರೆ. ಈಜುಕೊಳದ ಕಡೆಯ ಸಣ್ಣ ಗೇಟಿನಲ್ಲಿ ದೊಡ್ಡಣ್ಣನನ್ನು ಕೇಳು. ವಾಪಸ್ ಪಡೆಯುವ ಅರ್ಜಿಗೆ ಸಹಿ ಮಾಡಿದರೆ ಅರ್ಧ ಗಂಟೆಯಲ್ಲಿ ಅವರನ್ನು ಕರೆದುಕೊಂಡು ಹೋಗಬಹುದು. ನನ್ನನ್ನು ನೋಡಲೇಬೇಕೆಂದಿಲ್ಲ, ನೀನು ಬರುವ ಹೊತ್ತಿಗೆ ನಾನು ಮೇಜಿನ ಹತ್ತಿರ ಇರುತ್ತೇನೆ. ಮುಖ ನೋಡಬೇಕೆಂದು ಹಟ ಮಾಡಬೇಡ. ಕೈ ನೋಡು, ಎಡಗೈ. ನಾನು ತೊಳೆದು, ಹೊದಿಕೆಯ ಹೊರಗೆ ಬರುವ ಹಾಗೆ ಇಟ್ಟಿದ್ದೇನೆ. ಬೇಕಾದಷ್ಟು ಹೊತ್ತು ಹಿಡಿದುಕೋ, ಯಾರೂ ಅವಸರ ಮಾಡುವುದಿಲ್ಲ.

ಇಂತಿ,
ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ

ಸಹಿ ಹಾಕಿದ ಮೇಲೆ ಬರೆದದ್ದು: ಮೂರನೇ ಅಂಶಕ್ಕೆ ಉತ್ತರ ಕೊಡದೆ ಜಾರಿಕೊಂಡೆ ಎಂದು ಇಷ್ಟರಲ್ಲಿ ಅಡಿಗೆರೆ ಎಳೆದಿರುತ್ತೀಯ. ಕಾಗದ ಮಡಿಸಿದ್ದವಳು ಮತ್ತೆ ಬಿಡಿಸಿ ಕೂತಿದ್ದೇನೆ. ಅತ್ತೆಯ ಕಣ್ಣಿಗೆ ಏನೂ ಆಗಿರಲಿಲ್ಲ, ಸೂಜಿಗೆ ದಾರ ಅವರೇ ಪೋಣಿಸಿಕೊಡುತ್ತಿದ್ದರು. ಕಣ್ಣಿನ ಆಸ್ಪತ್ರೆಗೆ ಎಂದು ನಿನಗೆ ಹೇಳಿ ಅವರು ಬರುತ್ತಿದ್ದದ್ದು ನನ್ನ ಮನೆಗೆ. ನೀನು ಹೋದ ಮೇಲೆ ತಿಂಗಳಿಗೊಮ್ಮೆ, ಒಮ್ಮೊಮ್ಮೆ ಎರಡು ಸಲ. ಮಗನಿಗೆ ಗೊತ್ತಾದರೆ ಬೇಸರ ಮಾಡಿಕೊಂಡಾನು ಎಂದರೆ, "ಕಟ್ಕೊಳ್ಳುವಾಗ್ಲೂ ನನ್ನನ್ನ ಕೇಳ್ಲಿಲ್ಲ, ಬಿಡುವಾಗ್ಲೂ ಕೇಳ್ಲಿಲ್ಲ. ನಾನ್ಯಾಕೆ ಅವನನ್ನ ಕೇಳ್ಲಿ?" ಎನ್ನುತ್ತಿದ್ದರು. ಅವತ್ತು ಹೊರಡುವ ಮೊದಲು ಫೋನ್ ಮಾಡಿದ್ದರು, ನನಗೆ ಕೆಲಸವಿದೆ, ಮುಂದಿನ ವಾರ ಬನ್ನಿ ಎಂದೆ. ನೀನು ಮನೇಲಿರೋದು ಯಾವಾಗ, ನಾನೇ ಬಾಗಿಲು ತೆಕ್ಕೊಂಡು ಕೂತಿರ್ತೀನಿ ಎಂದು ಫೋನ್ ಇಟ್ಟರು. ನಾನು ಇನ್ನೊಂದು ಸಲ ಬೇಡವೆನ್ನಬಹುದಿತ್ತು. ಅನ್ನಲಿಲ್ಲ, ಅವರು ಬರುವುದು ನನಗೆ ಬೇಕಿತ್ತು.

ಅವರ ವಸ್ತುಗಳಿರುವ ಲಕೋಟೆಯಲ್ಲಿ ಒಂದು ಬೀಗದ ಕೈ ಇದೆ. ನಿಮ್ಮ ಮನೆಯ ಯಾವ ಬೀಗಕ್ಕೂ ಅದು ಹೊಂದುವುದಿಲ್ಲ. ಇದು ನಮ್ಮಮ್ಮನದಲ್ಲ ಎಂದು ಇನ್ನೊಂದು ಅರ್ಜಿ ಬರೆಯಬೇಡ. ಒಳಂಗಿಯ ಜೇಬಿಗೆ ಪಿನ್ನು ಚುಚ್ಚಿ ಭದ್ರವಾಗಿ ಇಟ್ಟುಕೊಂಡಿದ್ದರು. ಬಿಚ್ಚಿ ತೆಗೆದವಳು ನಾನು, 'ಬೀಗದ ಕೈ, ಒಂದು' ಎಂದು ಬರೆಸಿದವಳೂ ನಾನು. ಅದರ ಜೋಡಿ ಆಗ ನನ್ನ ಚೀಲದಲ್ಲೇ ಇತ್ತು. ಅನುಮಾನವಿದ್ದರೆ ಬಂದು ನನ್ನ ಬಾಗಿಲಿಗೆ ಹಾಕಿ ನೋಡು.